ಉನಿಯೊನ್ ದೆಪೋರ್ತಿವಾ ಸಲಮಾಂಕಾ: ಚರಿತ್ರೆ 2013ಕ್ಕೆ ನಿಲ್ಲಬೇಕೇ, ಮುಂದುವರಿಯಬೇಕೇ?

ಅಂಕಪಟ್ಟಿ_ಪ್ರಿಯ (ಪ್ರಶ್ನೆ)

ಸ್ಪೇನಿನ ಸಲಮಾಂಕಾ ನಗರದ ಉನಿಯೊನ್ ದೆಪೋರ್ತಿವಾ ಸಲಮಾಂಕಾ ಕ್ಲಬ್ಬಿನ ಪೂರ್ತಿ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸುಲಭಕ್ಕೆ ಇಲ್ಲಿ ಯು.ಡಿ.ಎಸ್. ಅನ್ನೋಣ. ಹುಟ್ಟು 1923, ಸಾವು 2013ರ ಜೂನ್ 18. ನಡುವೆ ಮೊದಲ ದರ್ಜೆಯಲ್ಲಿ, ಅಂದರೆ ಪ್ರಿಮೇರಾದಲ್ಲಿ, 12 ಋತು ಆಡಿದೆ: 1974ರಿಂದ 81, 1982ರಿಂದ 84, 1995-96, ಆಮೇಲೆ 1997ರಿಂದ 99. ಉಳಿದ ಆಯುಷ್ಯವೆಲ್ಲ ಕೆಳದರ್ಜೆಗಳಲ್ಲೇ ಕಳೆದಿದೆ. ಇಷ್ಟರವರೆಗೆ ಗೊಂದಲವಿಲ್ಲ.

ಕೈ ಕಟ್ಟಿಹಾಕಿರುವುದು ಮೂರು ಗಂಟುಗಳು.

ಒಂದು: ಕ್ಲಬ್ ಮುಚ್ಚಿದ್ದು ಹೇಗೆ ಎಂಬುದನ್ನು ಒಬ್ಬರು ‘ದಿವಾಳಿ’ ಎನ್ನುತ್ತಾರೆ, ಇನ್ನೊಬ್ಬರು ‘ಹಿಂಬಡ್ತಿ’ ಎನ್ನುತ್ತಾರೆ, ಮತ್ತೊಬ್ಬರು ‘ಲೀಗಿನಿಂದ ಹೊರಹಾಕಿದರು’ ಎಂದು ಬರೆಯುತ್ತಾರೆ. ಸರಿಯಾದ ಪದ ಯಾವುದು?

ಎರಡು: ಋತುವಾರು ಪಟ್ಟಿ ಮಾಡುವಾಗ ‘ತೆರ್ಸೇರಾ’, ‘ಸೆಗುಂದಾ ಬೇ’, ‘ಪ್ರಿಮೇರಾ ಫೆಡರೇಷನ್’ ಹೆಸರುಗಳು ಎಷ್ಟನೇ ಹಂತ ಎಂದು ತೀರ್ಮಾನಿಸುವುದು ಹೇಗೆ?

ಮೂರು: ಈಗ ಆ ಊರಿನಲ್ಲಿ ಉನಿಯೊನಿಸ್ತಾಸ್ ಮತ್ತು ಸಲಮಾಂಕಾ ಸಿ.ಎಫ್. ಯು.ಡಿ.ಎಸ್. ಎಂಬ ಎರಡು ಕ್ಲಬ್ ಇವೆ. ಹಳೆಯ ಚರಿತ್ರೆಯನ್ನು ಯಾರ ಹೆಸರಿಗೆ ಬರೆಯಬೇಕು?

---

ಕಡತಗಾರ

ಮೊದಲ ಗಂಟು ಬಿಡಿಸುತ್ತೇನೆ, ಅದು ಬಿಟ್ಟರೆ ಮೂರನೆಯದು ಅರ್ಧ ಸಡಿಲವಾಗುತ್ತದೆ.

ಸ್ಪೇನಿನಲ್ಲಿ ಒಂದು ಕ್ಲಬ್ ಸಾಯುವುದಕ್ಕೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಫುಟ್‌ಬಾಲ್ ಫೆಡರೇಷನ್ನಿನ ದಾರಿ, ಇನ್ನೊಂದು ನ್ಯಾಯಾಲಯದ ದಾರಿ. ಹೆಚ್ಚಿನ ಲೇಖನಗಳು ಇವೆರಡನ್ನೂ ಬೆರೆಸಿ ಕೆಡಿಸುತ್ತವೆ.

ಫೆಡರೇಷನ್ನಿನ ದಾರಿ ಹೀಗೆ. ಆಟಗಾರರಿಗೆ ಸಂಬಳ ಬಾಕಿ ಇದ್ದರೆ ಅವರು ಆಟಗಾರರ ಸಂಘದ ಮೂಲಕ, ಸ್ಪ್ಯಾನಿಶ್ ಹ್ರಸ್ವರೂಪದಲ್ಲಿ ‘ಆಫೆ’ ಮೂಲಕ, ದೂರು ಕೊಡುತ್ತಾರೆ. ಜಂಟಿ ಸಮಿತಿ ಬಾಕಿಯನ್ನು ಒಪ್ಪಿದರೆ, ಬೇಸಿಗೆಯ ಗಡುವಿನೊಳಗೆ ಕ್ಲಬ್ ಹಣ ಕಟ್ಟಬೇಕು ಅಥವಾ ಬ್ಯಾಂಕ್ ಖಾತರಿ ಕೊಡಬೇಕು. ತಪ್ಪಿದರೆ ಮೈದಾನದಲ್ಲಿ ಎಷ್ಟೇ ಅಂಕ ಗಳಿಸಿದ್ದರೂ ಕೆಳಗಿನ ದರ್ಜೆಗೆ ತಳ್ಳುತ್ತಾರೆ. ಇದಕ್ಕೆ ‘ದೆಸೆನ್ಸೋ ಅದ್ಮಿನಿಸ್ತ್ರಾತಿವೋ’ ಎನ್ನುತ್ತಾರೆ, ಕನ್ನಡದಲ್ಲಿ ‘ಆಡಳಿತಾತ್ಮಕ ಹಿಂಬಡ್ತಿ’ ಎನ್ನಬಹುದು. ನೆನಪಿಡಬೇಕಾದದ್ದು: ಇದರಿಂದ ಕ್ಲಬ್ ಸಾಯುವುದಿಲ್ಲ. ಆದರೆ ಟಿವಿ ಹಣ, ಟಿಕೆಟ್ ಹಣ, ಪ್ರಾಯೋಜಕರು ಒಟ್ಟಿಗೆ ಕುಸಿಯುತ್ತಾರೆ, ಸಾಲ ಮಾತ್ರ ಮೇಲಿನ ದರ್ಜೆಯ ಅಳತೆಯಲ್ಲೇ ಉಳಿದಿರುತ್ತದೆ. ಹಿಂಬಡ್ತಿಯಾದ ಕೆಲ ವರ್ಷಕ್ಕೆ ಕೆಲವು ಕ್ಲಬ್ಬುಗಳು ಮುಚ್ಚಿಹೋಗುವುದಕ್ಕೆ ಕಾರಣ ಇದೇ.

ನ್ಯಾಯಾಲಯದ ದಾರಿ ಬೇರೆ. 2004ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 22/2003ನೇ ಕಾನೂನಿನ ಪ್ರಕಾರ (2020ರಿಂದ ಅದರ ಜಾಗದಲ್ಲಿ ಹೊಸ ಕ್ರೋಡೀಕೃತ ಕಾನೂನಿದೆ) ಸಾಲ ತೀರಿಸಲಾಗದ ಸಂಸ್ಥೆ ‘ಕೊಂಕುರ್ಸೊ ದೆ ಅಕ್ರೀದೋರೆಸ್’ ಎಂಬ ಪ್ರಕ್ರಿಯೆಗೆ ಒಳಪಡುತ್ತದೆ. ಮೊದಲು ಸಾಲವೆಷ್ಟು, ಆಸ್ತಿಯೆಷ್ಟು ಎಂಬ ಲೆಕ್ಕ. ಆಮೇಲೆ ಸಾಲ ಕೊಟ್ಟವರೊಂದಿಗೆ ಒಪ್ಪಂದ: ಇಷ್ಟು ಮನ್ನಾ, ಇಷ್ಟು ವರ್ಷ ಕಂತು. ಒಪ್ಪಂದವಾಗದಿದ್ದರೆ, ಅಥವಾ ಆದರೂ ಕಂತು ತಪ್ಪಿದರೆ ‘ಲಿಕಿದಾಸಿಯೊನ್’, ಅಂದರೆ ಸಮಾಪನ. ಆಸ್ತಿ ಮಾರುತ್ತಾರೆ, ಬಂದ ಹಣ ಹಂಚುತ್ತಾರೆ, ಸಂಸ್ಥೆಯ ಕಾನೂನು ವ್ಯಕ್ತಿತ್ವವನ್ನೇ ಅಳಿಸುತ್ತಾರೆ. ಯು.ಡಿ.ಎಸ್. ಮುಗಿದದ್ದು ಈ ದಾರಿಯಲ್ಲಿ. 2012-13ರ ಋತುವನ್ನು ಅದು ಆಗಿನ ಮೂರನೇ ಹಂತವಾದ ಸೆಗುಂದಾ ಬೇ ದರ್ಜೆಯಲ್ಲಿ ಆಡಿ ಮುಗಿಸಿತ್ತು. ಲೀಗು ಹೊರಹಾಕಿದ್ದಲ್ಲ, ಸಂಸ್ಥೆಯೇ ಇಲ್ಲವಾಯಿತು. ಆದ್ದರಿಂದ ‘ಸಾಲದ ಕಾರಣ ನ್ಯಾಯಾಲಯದ ಸಮಾಪನ ಪ್ರಕ್ರಿಯೆಯಲ್ಲಿ ವಿಸರ್ಜನೆ’ ಎಂದು ಬರೆಯಿರಿ. ‘ಹಿಂಬಡ್ತಿ’ ಖಂಡಿತ ತಪ್ಪು. ‘ದಿವಾಳಿ’ ತಪ್ಪಲ್ಲ, ಆದರೆ ಕೊಂಕುರ್ಸೊಗೆ ಹೋಗಿಯೂ ಬದುಕಿ ಉಳಿದ ಕ್ಲಬ್ಬುಗಳು ಎಷ್ಟೋ ಇರುವುದರಿಂದ ಆ ಒಂದೇ ಪದ ಸಾಲದು.

2004ಕ್ಕಿಂತ ಹಿಂದಿನ ಕ್ಲಬ್ಬುಗಳ ಬಗ್ಗೆ ಬರೆಯುವಾಗ ‘ಕೊಂಕುರ್ಸೊ’ ಎಂಬ ಪದ ಹಾಕಬೇಡಿ. ಆಗ ಇದ್ದದ್ದು ‘ಸುಸ್ಪೆನ್ಸಿಯೊನ್ ದೆ ಪಾಗೋಸ್’ (ಪಾವತಿ ಸ್ಥಗಿತ) ಮತ್ತು ‘ಕಿಯೇಬ್ರಾ’ (ದಿವಾಳಿ) ಎಂಬ ಎರಡು ಪ್ರತ್ಯೇಕ ವ್ಯವಸ್ಥೆಗಳು.

ಇನ್ನೊಂದು ದಿನಾಂಕ ಮುಖ್ಯ. ಕೊಂಕುರ್ಸೊದಲ್ಲಿರುವ ಕ್ಲಬ್ಬುಗಳು ಕೆಲ ವರ್ಷ ಅದನ್ನೇ ಗುರಾಣಿ ಮಾಡಿಕೊಂಡಿದ್ದವು: ‘ನಾವು ನ್ಯಾಯಾಲಯದ ರಕ್ಷಣೆಯಲ್ಲಿದ್ದೇವೆ, ಹಳೆಯ ಬಾಕಿಗೆ ನಮ್ಮನ್ನು ಕೆಳಗಿಳಿಸುವಂತಿಲ್ಲ’ ಎಂದು. 2011ರ ಅಕ್ಟೋಬರಿನ 38/2011ನೇ ತಿದ್ದುಪಡಿ ಈ ಗುರಾಣಿಯನ್ನು ಕಿತ್ತುಕೊಂಡಿತು. ಕೊಂಕುರ್ಸೊದಲ್ಲಿದ್ದರೂ ಸ್ಪರ್ಧೆಯ ನಿಯಮಗಳು ಅನ್ವಯಿಸುತ್ತವೆ ಎಂದು ಅದರಲ್ಲಿ ಸ್ಪಷ್ಟವಾಗಿ ಸೇರಿಸಿದರು. 2012ರ ನಂತರ ಮುಚ್ಚಿದ ಕ್ಲಬ್ಬುಗಳ ಕಥೆ ಓದುವಾಗ ಈ ಗೆರೆ ಮನಸ್ಸಿನಲ್ಲಿರಲಿ.

ಬೇರು ಇನ್ನೂ ಹಿಂದಿದೆ. 1990ರ ಕ್ರೀಡಾ ಕಾನೂನು (10/1990) ವೃತ್ತಿಪರ ದರ್ಜೆಯಲ್ಲಿ ಆಡುವ ಕ್ಲಬ್ಬುಗಳು ಷೇರು ಕಂಪನಿಗಳಾಗಬೇಕು ಎಂದಿತು. 1992ರ ಬೇಸಿಗೆಯೇ ಗಡುವು. ಲೆಕ್ಕ ಚೊಕ್ಕವಾಗಿದ್ದ ನಾಲ್ಕಕ್ಕೆ ಮಾತ್ರ ವಿನಾಯಿತಿ: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಬಿಲ್ಬಾವೊದ ಅಥ್ಲೆಟಿಕ್, ಓಸಾಸುನಾ. ಸಾಲ ನಿಯಂತ್ರಿಸಲೆಂದೇ ಬಂದ ಕಾನೂನು ಅದು. ಆದರೆ ಕೆಳದರ್ಜೆಯಿಂದ ಮೇಲೇರಿದ ಸಣ್ಣ ಊರಿನ ಕ್ಲಬ್ ಕಂಪನಿಯಾಗಿ, ಮತ್ತೆ ಕೆಳಗಿಳಿದರೆ ಕಂಪನಿಯಾಗಿಯೇ ಉಳಿಯುತ್ತಿತ್ತು. ಸದಸ್ಯರ ಕೈಯಲ್ಲಿ ಮತವಿಲ್ಲ, ಮಾಲೀಕನಿಗೆ ಲಾಭವಿಲ್ಲ. ಕಂಪನಿಯಾಗಲೇಬೇಕು ಎಂಬ ಒತ್ತಾಯವನ್ನು 2022ರ ಡಿಸೆಂಬರಿನ 39/2022ನೇ ಕಾನೂನು ತೆಗೆದುಹಾಕಿತು. ಎಷ್ಟೋ ಕ್ಲಬ್ಬುಗಳ ಪಾಲಿಗೆ ಅದು ತೀರ ತಡವಾಗಿ ಬಂತು.

---

ಮೂರನೇ_ಹಂತ

ಎರಡನೇ ಗಂಟು ನನ್ನದು. ಒಂದೇ ಸೂತ್ರ: ಹೆಸರನ್ನು ನಂಬಬೇಡಿ, ಪಟ್ಟಿಯಲ್ಲಿ ‘ಹಂತ’ ಎಂಬ ಪ್ರತ್ಯೇಕ ಕಾಲಮು ಹಾಕಿ, ವರ್ಷ ನೋಡಿ ಅಂಕಿ ತುಂಬಿ.

ತೆರ್ಸೇರಾ ಎಂದರೆ ‘ಮೂರನೆಯದು’. 1977ರವರೆಗೆ ಅದು ನಿಜವಾಗಿಯೂ ಮೂರನೇ ಹಂತ. 1977-78ರಲ್ಲಿ ಎರಡನೇ ಹಂತದ ಸೆಗುಂದಾಕ್ಕೂ ತೆರ್ಸೇರಾಕ್ಕೂ ನಡುವೆ ಸೆಗುಂದಾ ಬೇ ಬಂದು ಕೂತ ಮೇಲೆ ತೆರ್ಸೇರಾ ನಾಲ್ಕನೇ ಹಂತವಾಯಿತು, ಹೆಸರು ಮಾತ್ರ ಬದಲಾಗಲಿಲ್ಲ. 2021ರಲ್ಲಿ ಸೆಗುಂದಾ ಬೇ ರದ್ದಾಗಿ, ಅದರ ಜಾಗಕ್ಕೆ ಫೆಡರೇಷನ್ನಿನ ‘ಪ್ರಿಮೇರಾ’ (ಮೂರನೇ ಹಂತ, 20 ತಂಡಗಳ 2 ಗುಂಪು) ಮತ್ತು ‘ಸೆಗುಂದಾ’ (ನಾಲ್ಕನೇ ಹಂತ, 18 ತಂಡಗಳ 5 ಗುಂಪು) ಬಂದವು. ತೆರ್ಸೇರಾ ಐದನೇ ಹಂತಕ್ಕೆ ಇಳಿಯಿತು. ಹಾಗಾಗಿ 1970ರ ತೆರ್ಸೇರಾ, 1990ರ ತೆರ್ಸೇರಾ, 2022ರ ತೆರ್ಸೇರಾ ಮೂರೂ ಬೇರೆ ಬೇರೆ ಹಂತಗಳು. ‘ತೆರ್ಸೇರಾದಲ್ಲಿ ಒಟ್ಟು ಇಷ್ಟು ಋತು’ ಎಂದು ಕೂಡಿಸಿ ಬರೆದರೆ ಆ ಅಂಕಿಗೆ ಅರ್ಥವೇ ಇರುವುದಿಲ್ಲ.

ಸೆಗುಂದಾ ಬೇ ಒಳಗೂ ಹೊಂಡಗಳಿವೆ. ಶುರುವಿನಲ್ಲಿ 2 ಗುಂಪು. 1986-87 ಒಂದೇ ಒಂದು ವರ್ಷ 22 ತಂಡಗಳ ಒಂದೇ ಗುಂಪು. 1987-88ರಿಂದ 4 ಗುಂಪು. 2020-21, ಅಂದರೆ ಸಾಂಕ್ರಾಮಿಕದ ಕಾಲದ ಕೊನೆಯ ಋತುವಿನಲ್ಲಿ, 102 ತಂಡಗಳನ್ನು 5 ಗುಂಪು ಮಾಡಿ ಪ್ರತಿ ಗುಂಪನ್ನು ಮತ್ತೆ ಎರಡು ಹೋಳು ಮಾಡಿದ್ದರು. 1986-87ರಲ್ಲಿ 5ನೇ ಸ್ಥಾನ ಬಂದ ತಂಡ ಇಡೀ ದೇಶದ ಮೂರನೇ ಹಂತದಲ್ಲಿ 5ನೆಯದು. ಮರುವರ್ಷ 5ನೇ ಸ್ಥಾನ ಬಂದದ್ದು ನಾಲ್ಕರಲ್ಲಿ ಒಂದು ಗುಂಪಿನ 5ನೆಯದು. ಗುಂಪಿನ ಸಂಖ್ಯೆ ಬರೆಯದೆ ಸ್ಥಾನ ಬರೆಯಬೇಡಿ.

ಅಂಕಗಳು: 1994-95ರವರೆಗೆ ಗೆಲುವಿಗೆ 2, 1995-96ರಿಂದ 3. ಯು.ಡಿ.ಎಸ್. ಪಾಲಿಗೆ ಈ ಗೆರೆ ಅತಿ ಸೂಕ್ಷ್ಮ ಜಾಗದಲ್ಲಿ ಬೀಳುತ್ತದೆ. ಹುವಾನ್ ಮಾನ್ವೆಲ್ ಲಿಯೊ ತರಬೇತಿಯಲ್ಲಿ ತಂಡ 1994ರಲ್ಲಿ ಸೆಗುಂದಾ ಬೇಯಿಂದ, 1995ರಲ್ಲಿ ಸೆಗುಂದಾದಿಂದ ಬೆನ್ನು ಬೆನ್ನಿಗೆ ಬಡ್ತಿ ಪಡೆದದ್ದು ಹಳೆಯ ಪದ್ಧತಿಯಲ್ಲಿ. ಪ್ರಿಮೇರಾದ ಆ ಮುಂದಿನ ವರ್ಷ ಹೊಸ ಪದ್ಧತಿಯಲ್ಲಿ. ಎರಡು ಋತುಗಳ ಅಂಕಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಡಿ.

1995ರ ಬಡ್ತಿಯನ್ನು ವಿವರವಾಗಿ ಬರೆಯಿರಿ, ಅದಕ್ಕೆ ಅರ್ಹವಾದದ್ದು. ಬಡ್ತಿ ಪಂದ್ಯದಲ್ಲಿ ಪ್ರಿಮೇರಾದ ಅಲ್ಬಸೇತೆ ಎದುರಾಳಿ. ಸಲಮಾಂಕಾದಲ್ಲೇ ನಡೆದ ಮೊದಲ ಪಂದ್ಯ 0-2 ಸೋಲು. ಎಲ್ಲ ಮುಗಿಯಿತು ಎಂದುಕೊಂಡಾಗ ಅಲ್ಬಸೇತೆಯ ಅಂಗಳದಲ್ಲಿ ಹೆಚ್ಚುವರಿ ಸಮಯ ಸೇರಿ 5-0 ಗೆಲುವು. ಲಿಯೊಗೆ ಆಗ 29 ವರ್ಷ, ಪ್ರಿಮೇರಾದ ಅತಿ ಕಿರಿಯ ತರಬೇತುದಾರನಾದ.

ಇಲ್ಲೊಂದು ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ. ಆ ಪಂದ್ಯ ಸೋತ ಅಲ್ಬಸೇತೆ ಕೆಳಗಿಳಿಯಿತು ಎಂದು ಬರೆದುಬಿಡುತ್ತಾರೆ. ಇಳಿಯಲಿಲ್ಲ! ಅದೇ ಬೇಸಿಗೆ ಸೆವಿಯಾ ಮತ್ತು ಸೆಲ್ತಾ ಕ್ಲಬ್ಬುಗಳು ಹಣದ ಖಾತರಿ ಸಲ್ಲಿಸಲಿಲ್ಲವೆಂದು ಅವನ್ನು ಸೆಗುಂದಾ ಬೇಗೆ ಇಳಿಸಿ, ಅಲ್ಬಸೇತೆ ಮತ್ತು ವಯ್ಯಾದೊಲಿದ್ ಕ್ಲಬ್ಬುಗಳನ್ನು ಮೇಲೆ ಉಳಿಸಿದರು. ಅಭಿಮಾನಿಗಳು ಬೀದಿಗಿಳಿದರು. ಕೊನೆಗೆ ನಾಲ್ಕನ್ನೂ ಇಟ್ಟುಕೊಂಡು ಪ್ರಿಮೇರಾವನ್ನು 22 ತಂಡಗಳಿಗೆ ಹಿಗ್ಗಿಸಿದರು. ಹಾಗಾಗಿ 1995-96 ಮತ್ತು 1996-97ರಲ್ಲಿ ಪ್ರಿಮೇರಾದ ಒಂದು ತಂಡಕ್ಕೆ 42 ಪಂದ್ಯ, 1997-98ರಿಂದ ಮತ್ತೆ 38. ಯು.ಡಿ.ಎಸ್. 1995-96ರಲ್ಲಿ ಆಡಿದ್ದು 42 ಎಂಬುದನ್ನು ಪಟ್ಟಿಯಲ್ಲಿ ತಪ್ಪದೆ ನಮೂದಿಸಿ.

---

ಅಂಕಪಟ್ಟಿ_ಪ್ರಿಯ

ಇಬ್ಬರಿಗೂ ಧನ್ಯವಾದ. ‘ಹಂತ’ ಕಾಲಮು ಹಾಕಿದ ಕೂಡಲೇ ನನ್ನ ಪಟ್ಟಿಯ ನಾಲ್ಕೈದು ಸಾಲು ತಪ್ಪಿರುವುದು ಕಾಣಿಸಿತು. ಇನ್ನು ವಾರಸುದಾರರ ಪ್ರಶ್ನೆ ಉಳಿಯಿತು. ಹೆಸರಿನಲ್ಲೇ ‘ಯು.ಡಿ.ಎಸ್.’ ಇರುವ ಕ್ಲಬ್ಬಿಗೆ ಚರಿತ್ರೆ ಸೇರಬೇಕಲ್ಲವೇ?

---

ಹಳೇ_ಅಂಗಳ

ಸೇರಬಾರದು. ಉನಿಯೊನಿಸ್ತಾಸ್‌ಗೂ ಸೇರಬಾರದು. ಯಾಕೆಂದು ಹೇಳುತ್ತೇನೆ.

ಒಂದು ಕ್ಲಬ್ ಬದುಕಿರುವಾಗ ಐದು ವಸ್ತುಗಳು ಒಂದೇ ಗಂಟಿನಲ್ಲಿರುತ್ತವೆ: ಕಾನೂನಿನ ಸಂಸ್ಥೆ, ಲೀಗಿನ ಸ್ಥಾನ, ಹೆಸರು ಮತ್ತು ಲಾಂಛನ, ಅಂಗಳ, ಅಭಿಮಾನಿಗಳು. ಸಮಾಪನವಾದ ದಿನ ಗಂಟು ಬಿಚ್ಚಿ ಐದೂ ಐದು ದಿಕ್ಕಿಗೆ ಹೋಗುತ್ತವೆ. ನಿಮ್ಮ ಲೇಖನ ಈ ಐದರ ಜಾಡನ್ನೂ ಬೇರೆ ಬೇರೆ ಹಿಡಿಯಬೇಕು.

ಸಂಸ್ಥೆ 2013ರಲ್ಲಿ ಸತ್ತಿತು, ಅಲ್ಲಿಗೆ ಮುಗಿಯಿತು. ಲೀಗಿನ ಸ್ಥಾನ ಇತರ ಆಸ್ತಿಯಂತೆ ಹರಾಜಿಗೆ ಇಟ್ಟು ಕೊಳ್ಳುವ ಸರಕಲ್ಲ, ಅದಕ್ಕೆ ಫೆಡರೇಷನ್ನಿನ ಒಪ್ಪಿಗೆ ಬೇಕು. ಆ ಬೇಸಿಗೆ ಸಲಮಾಂಕಾ ಅಥ್ಲೆಟಿಕ್ ಎಂಬ ಹೊಸ ಕ್ಲಬ್ ಹಳೆಯ ಸೆಗುಂದಾ ಬೇ ಸ್ಥಾನದಲ್ಲಿ ಆಡಲು ಹೊರಟಿತ್ತು, ಫೆಡರೇಷನ್ ಒಪ್ಪದೆ ವಿಷಯ ನ್ಯಾಯಾಲಯಕ್ಕೆ ಹೋಯಿತು, ಕೊನೆಗೂ ಆ ಸ್ಥಾನ ದಕ್ಕಲಿಲ್ಲ. ಅಂಗಳ, ಅಂದರೆ 1970ರಲ್ಲಿ ತೆರೆದ ಎಲ್ಮಾಂತಿಕೊ, ಇರುವುದು ನಗರದ ಪಕ್ಕದ ವಿಯಾರೆಸ್ ದೆ ಲಾ ರೆಯ್ನಾದಲ್ಲಿ. ಅದಕ್ಕೂ ಮೊದಲಿನ ಅಂಗಳ ಎಲ್ ಕಲ್ವಾರಿಯೊ. ಈಗ ಎಲ್ಮಾಂತಿಕೊದಲ್ಲಿ ಆಡುವುದು ಹಳೆಯ ಮೀಸಲು ತಂಡದ ಸಾಲಿನಲ್ಲಿ ಬಂದ ಕ್ಲಬ್. ಮೊದಲು ಸಲ್ಮಾಂತಿನೊ ಎಂಬ ಹೆಸರಿನಲ್ಲಿತ್ತು, 2018ರಲ್ಲಿ ಸಲಮಾಂಕಾ ಸಿ.ಎಫ್. ಯು.ಡಿ.ಎಸ್. ಆಯಿತು.

ಅಭಿಮಾನಿಗಳ ಒಂದು ಭಾಗ ಬೇರೆ ದಾರಿ ಹಿಡಿಯಿತು. 2013ರ ಆಗಸ್ಟಿನಲ್ಲಿ ಉನಿಯೊನಿಸ್ತಾಸ್ ದೆ ಸಲಮಾಂಕಾ ಕಟ್ಟಿದರು. ಒಬ್ಬ ಸದಸ್ಯನಿಗೆ ಒಂದೇ ಮತ, ಷೇರಿಲ್ಲ, ಮಾಲೀಕನಿಲ್ಲ. 2014-15ರಲ್ಲಿ ಪ್ರಾಂತೀಯ ಲೀಗಿನ ತಳದಿಂದ ಆರಂಭಿಸಿ 2018ರ ಹೊತ್ತಿಗೆ ಸೆಗುಂದಾ ಬೇ ಮುಟ್ಟಿದರು. ಅದೇ 2018ರಲ್ಲಿ ಇನ್ನೊಂದು ಕ್ಲಬ್ಬೂ ಅಲ್ಲಿಗೆ ಬಂತು, ಹೀಗಾಗಿ ಎರಡೂ ಒಂದೇ ದರ್ಜೆಯಲ್ಲಿ ಎದುರಾದವು. ಉನಿಯೊನಿಸ್ತಾಸ್ ಆಡಿದ್ದು ಮೊದಲು ಎಲ್ಮಾಂತಿಕೊ ಪಕ್ಕದ ಓಟದ ಅಂಗಳ ‘ಲಾಸ್ ಪಿಸ್ತಾಸ್’ನಲ್ಲಿ. 2020ರ ಜನವರಿಯಲ್ಲಿ ರಾಜರ ಕಪ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಅಲ್ಲಿಗೆ ಬಂದು 3-1ರಲ್ಲಿ ಗೆದ್ದು ಹೋಯಿತು. ಈಗಿನದು ರೆಯ್ನಾ ಸೊಫಿಯಾ ಅಂಗಳ. ಅಲ್ಲೇ 2024ರ ಜನವರಿಯಲ್ಲಿ ಪೆನಾಲ್ಟಿಗಳಲ್ಲಿ ವಿಯ್ಯಾರೆಯಾಲ್ ತಂಡವನ್ನು ಹೊರದಬ್ಬಿದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹೊಸ ಕ್ಲಬ್ ‘ನಾವೇ ಹಳೆಯ ಕ್ಲಬ್’ ಎಂದು ಭಾವನೆಯಿಂದ ಹೇಳಿಕೊಳ್ಳಬಹುದು. ಕಾನೂನಿನ ಎದುರು ಹೇಳಿದರೆ ಹಳೆಯ ಸಾಲವೂ ಬೆನ್ನು ಹತ್ತುವ ಅಪಾಯವಿದೆ. ಮರುಹುಟ್ಟಿನ ಕ್ಲಬ್ಬುಗಳು ಹೆಸರಿನಲ್ಲಿ ಒಂದಕ್ಷರ ಹೆಚ್ಚೋ ಕಡಿಮೆಯೋ ಮಾಡುವುದು, ಲಾಂಛನ ತುಸು ತಿದ್ದುವುದು, ಸ್ಥಾಪನೆಯ ವರ್ಷ ಹೊಸದಾಗಿ ಬರೆಯುವುದು ಎಲ್ಲ ಇದಕ್ಕೇ.

ಬೇರೆ ಊರುಗಳನ್ನು ನೋಡಿದರೆ ಮಾದರಿ ಸ್ಪಷ್ಟವಾಗುತ್ತದೆ. ಮೀಸಲು ತಂಡವೇ ದೋಣಿಯಾಗುವುದು ಹಳೆಯ ಉಪಾಯ. 1983ರಲ್ಲಿ ಬುರ್ಗೋಸ್ ಸಿ.ಎಫ್. ಮುಚ್ಚಿದಾಗ ಅದರ ಮೀಸಲು ತಂಡ ರಿಯಲ್ ಬುರ್ಗೋಸ್ ಆಗಿ ಬೆಳೆದು 1990ರಲ್ಲಿ ಪ್ರಿಮೇರಾ ತಲುಪಿತು. 1994ರಲ್ಲಿ ಮತ್ತೊಂದು ಬುರ್ಗೋಸ್ ಸಿ.ಎಫ್. ಹುಟ್ಟಿತು, ಅದು ಮೊದಲಿನದಲ್ಲ. 1992ರಲ್ಲಿ ಸಿ.ಡಿ. ಮಾಲಗಾ ಮುಳುಗಿದಾಗ ಪ್ರತ್ಯೇಕವಾಗಿ ನೋಂದಣಿಯಾಗಿದ್ದ ಅತ್ಲೇತಿಕೊ ಮಾಲಗೇನ್ಯೊ ಉಳಿಯಿತು, 1994ರಲ್ಲಿ ಮಾಲಗಾ ಸಿ.ಎಫ್. ಎಂದು ಹೆಸರು ಬದಲಿಸಿ 1999ರಲ್ಲಿ ಪ್ರಿಮೇರಾಕ್ಕೆ ಏರಿತು. 2000ರಲ್ಲಿ ಸಿ.ಪಿ. ಮೇರಿದಾ ಸೆಗುಂದಾದಲ್ಲಿ 6ನೇ ಸ್ಥಾನದಲ್ಲಿ ಮುಗಿಸಿಯೂ ಸಾಲಕ್ಕೆ ಬಲಿಯಾಯಿತು, ಮೀಸಲು ತಂಡ ಮೇರಿದಾ ಯು.ಡಿ. ಆಯಿತು. ಅದೂ 2013ರಲ್ಲಿ ಮುಚ್ಚಿ, ಈಗಿರುವುದು ಮೇರಿದಾ ಎ.ಡಿ. ಮೂರೂ ಆಡಿದ್ದು ಒಂದೇ ರೊಮಾನೊ ಅಂಗಳದಲ್ಲಿ. ಹೆಸರು ಮಾತ್ರ ನೋಡುವವರು ಮೂರನ್ನೂ ಒಂದೇ ಕ್ಲಬ್ ಎಂದುಕೊಳ್ಳುತ್ತಾರೆ.

ಅಲ್ಮೆಂದ್ರಾಲೆಹೊ ಊರಿನದು ಇನ್ನೂ ನೋವಿನ ಕಥೆ. 1924ರ ಸಿ.ಎಫ್. ಎಕ್ಸ್ತ್ರೆಮದುರಾ 2010ರಲ್ಲಿ ಮುಗಿಯಿತು. ಅದು ಉಸಿರಾಡುತ್ತಿರುವಾಗಲೇ 2007ರಲ್ಲಿ ಹುಟ್ಟಿದ ಎಕ್ಸ್ತ್ರೆಮದುರಾ ಯು.ಡಿ. 2018ರಲ್ಲಿ ಸೆಗುಂದಾವರೆಗೂ ಹೋಗಿ, 2021-22ರ ಋತುವಿನ ನಡುವೆಯೇ ನಿಂತುಹೋಯಿತು. ಅದೇ 2022ರಲ್ಲಿ ಮೂರನೆಯದೊಂದು ಕಟ್ಟಿದರು, ಹೆಸರಿನಲ್ಲೇ 1924 ಎಂದು ಇಟ್ಟುಕೊಂಡರು. ಹೆಸರಿನಲ್ಲಿರುವ ಆ ವರ್ಷವನ್ನು ಸ್ಥಾಪನೆಯ ವರ್ಷ ಎಂದು ದಾಖಲಿಸಿದರೆ ತಪ್ಪಾಗುತ್ತದೆ.

ಹಾಗಾಗಿ ಬರೆಯುವ ರೀತಿ ಇದು: ಯು.ಡಿ.ಎಸ್. ಲೇಖನ 1923ರಿಂದ 2013. ಕೊನೆಯಲ್ಲಿ ‘ನಂತರ’ ಎಂಬ ಸಣ್ಣ ಭಾಗ, ಅಲ್ಲಿ ಎರಡೂ ಕ್ಲಬ್ಬುಗಳಿಗೆ ತಲಾ ಎರಡು ಮೂರು ವಾಕ್ಯ. ಆ 12 ಋತುಗಳನ್ನು ಯಾವ ಹೊಸ ಕ್ಲಬ್ಬಿನ ಖಾತೆಗೂ ಸೇರಿಸಬೇಡಿ. ‘ಉತ್ತರಾಧಿಕಾರಿ’ ಎಂಬ ಪದವನ್ನೂ ಬಿಡಿ. ‘ಅದೇ ಊರಿನಲ್ಲಿ ನಂತರ ಬಂದ ಕ್ಲಬ್ಬುಗಳು’ ಎಂದರೆ ಯಾರಿಗೂ ಅನ್ಯಾಯವಾಗುವುದಿಲ್ಲ.

---

ಕಡತಗಾರ

ಹಳೇ_ಅಂಗಳ ಹೇಳಿದ್ದಕ್ಕೆ ಒಂದು ಸೇರ್ಪಡೆ. ಮೀಸಲು ತಂಡ ದೋಣಿಯಾಗಬೇಕಾದರೆ ಅದು ಫೆಡರೇಷನ್ನಿನಲ್ಲಿ ಬೇರೆ ಕ್ಲಬ್ಬಾಗಿ ನೋಂದಣಿಯಾಗಿರಬೇಕು. ಸ್ಪೇನಿನಲ್ಲಿ ‘ಫಿಲಿಯಾಲ್’ ಎಂದರೆ ಒಪ್ಪಂದದಿಂದ ಜೋಡಿಸಿಕೊಂಡ ಬೇರೆ ಕ್ಲಬ್. ‘ದೆಪೆಂದಿಯೆಂತೆ’ ಎಂದರೆ ಅದೇ ಕ್ಲಬ್ಬಿನ ಇನ್ನೊಂದು ತಂಡ, ತಾಯಿ ಮುಳುಗಿದರೆ ಅದೂ ಜೊತೆಗೇ ಮುಳುಗುತ್ತದೆ. ಎರಡಕ್ಕೂ ಕನ್ನಡದಲ್ಲಿ ‘ಮೀಸಲು ತಂಡ’ ಎಂದೇ ಬರೆದರೆ ಮಾಲಗಾ ಹೇಗೆ ಉಳಿಯಿತು ಎಂಬುದು ಓದುಗರಿಗೆ ಅರ್ಥವಾಗದು. ಒಂದು ಸಾಲಿನ ವಿವರಣೆ ಕೊಡಿ.

ದಾಖಲೆ ಹುಡುಕುವ ಕ್ರಮವನ್ನೂ ಹೇಳಿಬಿಡುತ್ತೇನೆ. ಪಂದ್ಯದ ವಿವರಕ್ಕೆ ಮರುದಿನದ ಪತ್ರಿಕೆ ನೋಡಿ. ಮುಂದೊ ದೆಪೋರ್ತಿವೊ ಪತ್ರಿಕೆಯ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಅದು ಬಾರ್ಸಿಲೋನಾದ ಪತ್ರಿಕೆ, ಕೆಳದರ್ಜೆ ಪಂದ್ಯಕ್ಕೆ ಫಲಿತಾಂಶ ಬಿಟ್ಟು ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಊರಿನ ಒಳಸುದ್ದಿಗೆ ಲಾ ಗಸೇತಾ ರೆಹಿಯೊನಾಲ್ ಬೇಕು. ಕಂಪನಿಯ ಹುಟ್ಟು, ನಿರ್ದೇಶಕರ ಬದಲಾವಣೆ, ವಿಸರ್ಜನೆಗಳಿಗೆ ವಾಣಿಜ್ಯ ನೋಂದಣಿಯ ಅಧಿಕೃತ ಪತ್ರ ‘ಬೋರ್ಮೆ’, ಕೊಂಕುರ್ಸೊ ಪ್ರಕಟಣೆಗೆ ಸರ್ಕಾರಿ ರಾಜ್ಯಪತ್ರ ‘ಬೊಎ’. ಹುಡುಕುವಾಗ ಕ್ಲಬ್ಬಿನ ಜನಪ್ರಿಯ ಹೆಸರಿನ ಬದಲು ಪೂರ್ತಿ ಕಾನೂನು ಹೆಸರನ್ನು ಕೊನೆಯ ‘ಸೊಸಿಯೆದಾದ್ ಅನೋನಿಮಾ ದೆಪೋರ್ತಿವಾ’ (ಕ್ರೀಡಾ ಷೇರು ಕಂಪನಿ) ಸಮೇತ ಹಾಕಿ. ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ಪತ್ರಿಕೆಯ ದಿನಾಂಕಕ್ಕೂ ಆದೇಶದ ದಿನಾಂಕಕ್ಕೂ ಒಂದೆರಡು ದಿನ, ಪ್ರಕಟಣೆಯ ದಿನಾಂಕಕ್ಕಂತೂ ವಾರಗಟ್ಟಲೆ ವ್ಯತ್ಯಾಸ ಬರುತ್ತದೆ. ನೀವು ಕೊಡುವ ದಿನಾಂಕ ಯಾವುದರದು ಎಂದು ಸ್ಪಷ್ಟಪಡಿಸಿ.

---

ಮೂರನೇ_ಹಂತ

ಹೆಸರುಗಳ ಬರವಣಿಗೆ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳಲೇಬೇಕು. ಸ್ಪ್ಯಾನಿಶ್‌ನಲ್ಲಿ ಮೊದಲ ‘ಹ’ ಅಕ್ಷರ ಬರೆದರೂ ಉಚ್ಚಾರವಿಲ್ಲ. ಹಾಗಾಗಿ ಅಂಗಳದ ಹೆಸರು ‘ಎಲ್ಮಾಂತಿಕೊ’, ‘ಹೆಲ್ಮಾಂಟಿಕೊ’ ಅಲ್ಲ. ಊರಿನ ಪ್ರಾಚೀನ ಹೆಸರು ಎಲ್ಮಾಂತಿಕಾ ಎಂಬುದರಿಂದ ಬಂದದ್ದು. ‘ತ’, ‘ದ’ಗಳು ದಂತ್ಯ, ಕನ್ನಡಕ್ಕೆ ಇದು ಸಲೀಸು, ಇಂಗ್ಲಿಷ್ ದಾರಿಯಲ್ಲಿ ಸುತ್ತಿ ಬಂದು ‘ಟ’, ‘ಡ’ ಮಾಡಬೇಡಿ. ಎರಡು ‘ಲ’ ಜೊತೆಗೆ ಬಂದರೆ ‘ಯ’. ವಿಯಾರೆಸ್, ಲಿಯೊ ಬಂದದ್ದು ಹಾಗೆ. ಊರಿನವರನ್ನೂ ತಂಡವನ್ನೂ ‘ಚಾರ್ರೋಸ್’ ಎನ್ನುತ್ತಾರೆ, ‘ರ’ ಗಟ್ಟಿಯಾಗಿ ಒತ್ತಬೇಕು.

ಆಟಗಾರರ ಭಾಗದಲ್ಲಿ ಅರ್ಜೆಂಟೀನಾದ ಗೋಲ್‌ಕೀಪರ್ ಹೋರ್ಹೆ ದಲೆಸಾಂದ್ರೊ ಮೊದಲು ಬರಲಿ, 1970ರ ದಶಕದ ಒಳ್ಳೆಯ ದಿನಗಳಲ್ಲಿ ಗೋಲು ಕಾದವನು ಅವನೇ. ಆ ದಿನಗಳ ಬಡ್ತಿಯ ತರಬೇತುದಾರ ಗಾರ್ಸಿಯಾ ತ್ರಾಯ್ದ್. ಆಮೇಲೆ ಪೋರ್ಚುಗಲ್ಲಿನ ಪೌಲೇತಾ, 1996ರಿಂದ 98. 1996-97ರಲ್ಲಿ ಎರವಲಾಗಿ ಬಂದ ಮಿಚೆಲ್ ಸಲ್ಗಾದೊ. ಆ ವರ್ಷದ ಬಡ್ತಿ ಆಂದೊನಿ ಗೊಯ್ಕೊಎಚೆಯಾ ತರಬೇತಿಯಲ್ಲಿ. ಮುಂದೆ ಸ್ಪೇನ್ ತಂಡದ ತರಬೇತುದಾರನಾದ ವಿಸೆಂತೆ ದೆಲ್ ಬೊಸ್ಕೆ ಹುಟ್ಟಿದ್ದು ಸಲಮಾಂಕಾದಲ್ಲಾದರೂ ಯು.ಡಿ.ಎಸ್. ಮೊದಲ ತಂಡದ ಪಟ್ಟಿಗೆ ಅವನ ಹೆಸರು ಸೇರಿಸಬೇಡಿ. ಬಾಲ್ಯದಲ್ಲಿ ಆಡಿದ್ದು ಸಲ್ಮಾಂತಿನೊ ಪರ, ಅಲ್ಲಿಂದ ಹೋದದ್ದು ಮ್ಯಾಡ್ರಿಡ್‌ಗೆ.

---

ಅಂಕಪಟ್ಟಿ_ಪ್ರಿಯ

ದೆಲ್ ಬೊಸ್ಕೆ ಹೆಸರು ನನ್ನ ಪಟ್ಟಿಯಲ್ಲಿತ್ತು, ತೆಗೆದೆ. ‘ಉತ್ತರಾಧಿಕಾರಿ’ ಎಂಬ ಉಪಶೀರ್ಷಿಕೆಯನ್ನೂ ತೆಗೆದು ‘2013ರ ನಂತರ ಊರಿನ ಫುಟ್‌ಬಾಲ್’ ಎಂದು ಮಾಡಿದ್ದೇನೆ. ಫಿಲಿಯಾಲ್ ಮತ್ತು ದೆಪೆಂದಿಯೆಂತೆ ವ್ಯತ್ಯಾಸಕ್ಕೆ ಅಲ್ಲೇ ಒಂದು ಸಾಲು ಸೇರಿಸುತ್ತಿದ್ದೇನೆ. 1986-87ರ ಗುಂಪಿನ ಕಾಲಮಿಗೆ ‘ಏಕೈಕ’ ಎಂದು ಬರೆದರೆ ಸಾಕೇ?

---

ಮೂರನೇ_ಹಂತ

ಸಾಕು. ಪಕ್ಕದಲ್ಲೇ ‘22 ತಂಡ’ ಎಂದು ಹಾಕಿ.